ಆರು ವರ್ಷದ ಅಡುಗೆಯವಳಿಗೆ ಒಂದು ಏಪ್ರನ್

ಪ್ರಶ್ನೆ: ನಾನು ಗೋಣಿಕೊಪ್ಪದ ಹತ್ತಿರ ಇರುವವಳು. ಬೆಂಗಳೂರಿನಲ್ಲಿರುವ ಮೊಮ್ಮಗಳಿಗೆ ಈಗ 6 ವರ್ಷ. ಕೈಲ್‌ಪೊಳ್ದ್ ಹಬ್ಬಕ್ಕೆ (ನಮ್ಮ ಕೊಡವರ ಆಯುಧಪೂಜೆ) ಬಂದಾಗ ನನ್ನ ಜೊತೆ ಕೂತು ಅಕ್ಕಿ ತರಿಯ ಕಡಂಬುಟ್ಟು ಉಂಡೆ ಕಟ್ಟುತ್ತಾಳಂತೆ, ದಿನಾ ಫೋನಿನಲ್ಲಿ ಅದೇ ಮಾತು. ಅವಳಿಗೆ ನನ್ನ ಕೈಯಾರೆ ಒಂದು ಏಪ್ರನ್ ಹೊಲಿದುಕೊಡಬೇಕು ಅಂತ ಆಸೆ. ಮನೆಯಲ್ಲಿ ಹಳೆಯ ತುಳಿಯುವ ಮೆಷಿನ್ ಇದೆ. ಬ್ಲೌಸ್, ಲಂಗ ಹೊಲಿದು ಗೊತ್ತು, ಏಪ್ರನ್ ಯಾವತ್ತೂ ಹೊಲಿದಿಲ್ಲ. ಬಿಳಿ ಬಟ್ಟೆ ತಂದು ಕಾಫಿ ಹೂವಿನ ಕಸೂತಿ ಮಾಡಿ, ಸ್ವಲ್ಪ ಮಣಿ, ಲೇಸ್ ಹಾಕೋಣ ಅಂತಿದ್ದೇನೆ. ನಮ್ಮ ಯಜಮಾನರ ಹಳೆಯ ಚೇಲೆ, ಸೊಂಟಕ್ಕೆ ಕಟ್ಟುವ ಕೆಂಪು ರೇಷ್ಮೆ ಬಟ್ಟೆ, ಒಂದು ಕಡೆ ಹರಿದಿದೆ. ಅದರ ತುಂಡಿನಲ್ಲಿ ಜೇಬು ಮಾಡಬಹುದಾ? ಬಟ್ಟೆ ಎಷ್ಟು ಬೇಕು, ಅಳತೆ ಹೇಗೆ, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿದಾಗ ನಾನು ಹೊಲಿದ ಮೊದಲ ಮಕ್ಕಳ ಏಪ್ರನ್ ನೆನಪಾಯಿತು. ತಂಗಿಯ ಮಗನಿಗೆ ಹೊಲಿದದ್ದು. ದಪ್ಪ ಬಿಳಿ ಬಟ್ಟೆ, ಎದೆ ಮೇಲೆ ಮಣಿ, ಸುತ್ತ ಕೆಂಪು ಜಿಗ್‌ಜಾಗ್ ಲೇಸ್. ನೋಡಿದವರೆಲ್ಲ ಹೊಗಳಿದರು. ಮೊದಲ ದಿನವೇ ಒಂದು ಮಣಿ ಕಿತ್ತು ದೋಸೆ ಹಿಟ್ಟಿಗೆ ಬಿತ್ತು. ಅದೊಂದು ಮಣಿಗಾಗಿ ಪಾತ್ರೆ ಹಿಟ್ಟನ್ನೆಲ್ಲ ಸೋಸಿದೆವು. ಮೊದಲ ಒಗೆತಕ್ಕೆ ಲೇಸ್ ಬಣ್ಣ ಬಿಟ್ಟು ಏಪ್ರನ್ ಪೂರ್ತಿ ಗುಲಾಬಿ ಆಯಿತು. ಜೂನ್ ಕೊನೆ ಬೇರೆ. ನಾಲ್ಕು ದಿನ ಹರಡಿದರೂ ಬಟ್ಟೆ ಒಣಗಲಿಲ್ಲ, ಐದನೇ ದಿನ ಅಂಚಿನ ಮಡಿಕೆಯಲ್ಲಿ ಬೂಷ್ಟಿನ ಕಪ್ಪು ಚುಕ್ಕೆ. ಹುಡುಗ ಅದನ್ನು ಹಾಕಿಕೊಂಡದ್ದು ಆ ಒಂದೇ ಸಲ.

ಆಮೇಲೆ ಎಷ್ಟೋ ಏಪ್ರನ್ ಹೊಲಿದಿದ್ದೇನೆ, ಹೊಲಿಯೋದು ಕಲಿಸಿದ್ದೇನೆ. ಈಗ ಬಟ್ಟೆಯಿಂದ ಹಿಡಿದು ಗುಂಡಿಯವರೆಗೆ ಏನೇ ಆರಿಸುವಾಗಲೂ ನಾನು ಕೇಳಿಕೊಳ್ಳೋದು ಒಂದೇ ಪ್ರಶ್ನೆ: ಹತ್ತನೇ ಸಲ ಒಗೆದಾಗ ಇದು ಹೇಗಿರುತ್ತೆ? ಅದರಲ್ಲೂ ನಮ್ಮ ಕೊಡಗಿನ ಮಳೆಗಾಲದಲ್ಲಿ ಒಗೆದಾಗ? ನಿಮ್ಮ ಪ್ರಶ್ನೆಗಳಿಗೂ ಇದನ್ನೇ ಇಟ್ಟುಕೊಂಡು ಉತ್ತರ ಹೇಳುತ್ತೇನೆ.

ಮೊದಲು ಚೇಲೆ ವಿಷಯ. ಬೇಡಮ್ಮ. ಅದು ರೇಷ್ಮೆ, ಜರಿ ಇರುವ ಬಟ್ಟೆ. ಜಿಡ್ಡು, ಅಡುಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ, ಬಿಸಿನೀರು, ಸೋಪು ಯಾವುದನ್ನೂ ಅದು ತಡೆಯಲ್ಲ. ಹಳೆಯ ಕೆಂಪು ರೇಷ್ಮೆ ನೀರು ಬಿದ್ದರೆ ಬಣ್ಣ ಬಿಡುವುದು ಜಾಸ್ತಿ, ಜರಿಯೂ ಕಪ್ಪಾಗುತ್ತೆ. ಇನ್ನೊಂದು ಮಾತು, ಇದು ಹೊಲಿಗೆಯವಳ ಮಾತಲ್ಲ, ಸುಮ್ನೆ ಹೇಳುತ್ತೇನೆ. ಕುಪ್ಯದ (ಗಂಡಸರ ಉದ್ದ ಕೋಟು) ಮೇಲೆ ಕಟ್ಟಿ ಪೀಚೆಕತ್ತಿ (ಸೊಂಟದ ಕಠಾರಿ) ಸಿಕ್ಕಿಸಿದ ಬಟ್ಟೆ ಅದು. ಕತ್ತರಿ ಹಾಕಿದರೆ ಮತ್ತೆ ಕೂಡಿಸೋಕಾಗಲ್ಲ. ಹರಿದ ಜಾಗಕ್ಕೆ ಅಡಿಯಲ್ಲಿ ತೆಳು ರೇಷ್ಮೆ ತುಂಡು ಇಟ್ಟು, ಒಂದೇ ಎಳೆ ದಾರದಲ್ಲಿ ಕೈಯಲ್ಲೇ ರಫೂ ಮಾಡಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ. ಮೊಮ್ಮಗಳಿಗೆ ಅಜ್ಜನ ಗುರುತು ಬೇಕಿದ್ದರೆ ಏಪ್ರನ್ನಿನ ಭುಜದ ಪಟ್ಟಿಗಳನ್ನು ಅದೇ ಕೆಂಪಿನ ಹತ್ತಿ ಬಟ್ಟೆಯಲ್ಲಿ ಮಾಡಿ. ಹಸಿರು ಏಪ್ರನ್, ಕೆಂಪು ಪಟ್ಟಿ. ಕಾಫಿ ಗಿಡ, ಕಾಫಿ ಹಣ್ಣಿನ ಬಣ್ಣವೂ ಅದೇ ಅಲ್ವಾ.

ಹಸಿರು ಅಂದೆ, ಬಿಳಿ ಅನ್ನಲಿಲ್ಲ ನೋಡಿ. ಬಿಳಿ ಬಟ್ಟೆ ಮೇಲೆ ಬಿಳಿ ಕಾಫಿ ಹೂ ಎಲ್ಲಿ ಕಾಣುತ್ತೆ? ಕಡು ಹಸಿರು ಅಥವಾ ನೀಲಿ ಬಟ್ಟೆ ತಗೊಳ್ಳಿ, ಹೂ ಎದ್ದು ಕಾಣುತ್ತೆ, ಕಲೆ ಅಡಗುತ್ತೆ. ಬಟ್ಟೆ ಪೂರ್ತಿ ಹತ್ತಿಯದ್ದೇ ಇರಲಿ. ಅಂಗಡಿಯವರು ಪಾಲಿಯೆಸ್ಟರ್ ಬೆರೆತದ್ದನ್ನು ತೋರಿಸಿ 'ಬೇಗ ಒಣಗುತ್ತೆ, ಇಸ್ತ್ರಿ ಬೇಡ' ಅಂತಾರೆ. ಬೇಗ ಒಣಗೋದು ನಿಜವೇ. ಆದರೆ ಒಲೆ ಹತ್ತಿರ ಕಿಡಿ ತಗುಲಿದರೆ ಅದು ಕರಗಿ ಮೈಗೆ ಅಂಟಿಕೊಳ್ಳುತ್ತೆ. ಹತ್ತಿಗೂ ಬೆಂಕಿ ಹಿಡಿಯುತ್ತೆ, ಅಂಟಿಕೊಳ್ಳಲ್ಲ ಅಷ್ಟೇ. ಅದಕ್ಕೇ ಏಪ್ರನ್ ಇದೆ ಅಂತ ಮಗುವನ್ನು ಒಲೆ ಹತ್ತಿರ ಬಿಡಬೇಡಿ. ಉಂಡೆ ಕಟ್ಟೋದು ಅವಳ ಕೆಲಸ, ಹಬೆಗೆ ಇಡೋದು ನಿಮ್ಮದು.

ದಪ್ಪ ಎಷ್ಟಿರಬೇಕು? ಕ್ಯಾನ್ವಾಸ್, ಡೆನಿಮ್, ಡ್ರಿಲ್ ಎಲ್ಲ ಬಯಲುಸೀಮೆಯವರಿಗೆ ಸರಿ. ನಮ್ಮಲ್ಲಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಅವು ಒಣಗೋದು ಯಾವಾಗ? ಬ್ಲೌಸ್ ಲೈನಿಂಗಿನ ಬಟ್ಟೆ ತೀರಾ ತೆಳು, ಒಂದು ಚಮಚ ನೀರು ಬಿದ್ದರೂ ಒಳಗಿನ ಫ್ರಾಕಿಗೆ ಇಳಿಯುತ್ತೆ. ಇವೆರಡರ ನಡುವಿನದು ಬೇಕು. ಒಳ್ಳೆ ಪಾಪ್ಲಿನ್, ಅಥವಾ ಕೈಮಗ್ಗದ ಸ್ವಲ್ಪ ಗಟ್ಟಿ ಹತ್ತಿ. ಒಂದೇ ಪದರ ಸಾಕು, ಲೈನಿಂಗ್ ಬೇಡ. ಎರಡು ಪದರದ ನಡುವೆ ಉಳಿಯುವ ತೇವವೇ ಬೂಷ್ಟಿನ ಮನೆ. ಮನೆಯಲ್ಲೇ ಮೆದುವಾದ ಹಳೆಯ ಹತ್ತಿ ಬೆಡ್‌ಶೀಟ್ ಇದ್ದರೆ ಅದೂ ಆಗುತ್ತೆ. ಎಷ್ಟೋ ಸಲ ಒಗೆದದ್ದು, ಇನ್ನು ಕುಗ್ಗಲ್ಲ, ಬಣ್ಣವೂ ಬಿಡಲ್ಲ. ಬೆಳಕಿಗೆ ಹಿಡಿದು ನೋಡಿ, ನಡುಭಾಗ ಸವೆದಿದ್ದರೆ ಅಂಚಿನ ಕಡೆಯಿಂದ ಕತ್ತರಿಸಿ.

ಹೊಸ ಬಟ್ಟೆಯಾದರೆ 44 ಇಂಚು ಅಗಲದ್ದು 75 ಸೆಂ.ಮೀ. ತನ್ನಿ. ಏಪ್ರನ್, ಜೇಬು, ಅಂಚಿನ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ ಪಟ್ಟಿ) ಎಲ್ಲ ಅದರಲ್ಲೇ ಬರುತ್ತೆ. ಭುಜದ ಪಟ್ಟಿಗೆ ಕೆಂಪು ಹತ್ತಿ ಬಟ್ಟೆ ಕಾಲು ಮೀಟರ್. ತಂದ ದಿನವೇ ಎರಡನ್ನೂ ಬೇರೆ ಬೇರೆ ಬಕೆಟಿನಲ್ಲಿ ರಾತ್ರಿ ಪೂರ್ತಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಹೊಸ ಹತ್ತಿ ಮೀಟರಿಗೆ 3ರಿಂದ 5 ಸೆಂ.ಮೀ. ಕುಗ್ಗುವುದು ಮಾಮೂಲು. ಕೆಂಪು ಬಟ್ಟೆಯನ್ನು ನಂಬಬೇಡಿ. ಒದ್ದೆ ಇರುವಾಗಲೇ ಅದರ ಮೇಲೆ ಬಿಳಿ ಕರ್ಚೀಫ್ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಕರ್ಚೀಫಿಗೆ ಬಣ್ಣ ಹತ್ತಿದರೆ ಮತ್ತೆ ನೆನೆಸಿ, ಜಾಲಿಸಿ, ಮತ್ತೆ ಒತ್ತಿ. ಮೂರು ಸಲವಾದರೂ ಬಿಡುತ್ತಲೇ ಇದ್ದರೆ ಆ ಬಟ್ಟೆಯನ್ನು ಬೇರೆ ಯಾವುದಕ್ಕಾದರೂ ಇಟ್ಟುಕೊಳ್ಳಿ. ಕೆಂಪು ಕಸೂತಿ ದಾರಕ್ಕೂ ಇದೇ ಪರೀಕ್ಷೆ.

ಈಗ ಅಳತೆ. ಮಗು ಬೆಂಗಳೂರಿನಲ್ಲಿದ್ದಾಳೆ, ಟೇಪು ಹಿಡಿದು ನಿಲ್ಲಿಸೋಕೆ ಆಗಲ್ಲ. ಅವಳ ಅಮ್ಮನಿಗೆ ಫೋನ್ ಮಾಡಿ ಮೂರು ಅಳತೆ ಕೇಳಿ. ಕಾಲರ್ ಎಲುಬಿನಿಂದ ಎರಡು ಇಂಚು ಕೆಳಗಿನಿಂದ ಮಂಡಿ ಸ್ವಲ್ಪ ಮೇಲಿನವರೆಗೆ ಎಷ್ಟು, ಸೊಂಟದ ಕೆಳಗಿನ ಸುತ್ತಳತೆ ಎಷ್ಟು, ಮುಂದಿನಿಂದ ಎರಡು ಕಂಕುಳ ನಡುವೆ ಎದೆಯ ಅಗಲ ಎಷ್ಟು. ಸಾಧಾರಣ ಮೈಕಟ್ಟಿನ 6 ವರ್ಷದ ಮಗುವಿಗೆ ಉದ್ದ 20 ಇಂಚು, ಕೆಳಗಿನ ಅಗಲ 18 ಇಂಚು, ಎದೆ ಪಟ್ಟಿ 8 ಇಂಚು ಇಟ್ಟರೆ ಸರಿಹೋಗುತ್ತೆ. ಮಂಡಿ ಕೆಳಗೆ ಇಳಿಸಬೇಡಿ. ಮಕ್ಕಳು ಮಣೆ ಮೇಲೆ ಕೂರುತ್ತಾರೆ, ಏಳುತ್ತಾರೆ, ಸ್ಟೂಲ್ ಹತ್ತುತ್ತಾರೆ. ಉದ್ದವಾದರೆ ಕಾಲಿಗೆ ಸಿಕ್ಕಿ ಬೀಳುತ್ತಾರೆ.

ಈ ಅಳತೆಗೆ ಬಟ್ಟೆಯನ್ನು 24 ಇಂಚು ಉದ್ದ, 20 ಇಂಚು ಅಗಲ ಗುರುತು ಹಾಕಿಕೊಳ್ಳಿ. ಉದ್ದಕ್ಕೆ ಬಿಟ್ಟ ಹೆಚ್ಚಿನ 4 ಇಂಚಿನಲ್ಲಿ ಒಂದೂವರೆ ಮೇಲಿನ ಮಡಿಕೆಗೆ, ಎರಡೂವರೆ ಕೆಳಗಿನ ಮಡಿಕೆಗೆ. ಕೆಳಗೆ ಜಾಸ್ತಿ ಯಾಕೆ ಅಂದರೆ ಮುಂದಿನ ವರ್ಷ ಹೊಲಿಗೆ ಬಿಚ್ಚಿ ಒಂದೂವರೆ ಇಂಚು ಇಳಿಸಬಹುದು. ಅಗಲದ ಹೆಚ್ಚು 2 ಇಂಚು ಎರಡು ಬದಿಯ ಮಡಿಕೆಗೆ. ಬಟ್ಟೆಯನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿ. ಮಡಿಕೆಯ ಅಂಚಿನಿಂದ ಮೇಲ್ಗಡೆ 4 ಇಂಚಿಗೆ ಒಂದು ಚುಕ್ಕೆ. ಹೊರ ಅಂಚಿನಲ್ಲಿ ಮೇಲಿನಿಂದ ಎಂಟೂವರೆ ಇಂಚು ಕೆಳಗೆ ಇನ್ನೊಂದು ಚುಕ್ಕೆ. ಈ ಎರಡನ್ನೂ ಒಳಕ್ಕೆ ಬಾಗಿದ ಗೆರೆಯಲ್ಲಿ ಸೇರಿಸಿ. ಬ್ಲೌಸಿನ ಕಂಕುಳ ಬರೆದ ಕೈಗೆ ಇದೇನು ಹೊಸದಲ್ಲ. ಊಟದ ತಟ್ಟೆಯ ಅಂಚು ಇಟ್ಟು ಎಳೆದರೂ ಆದೀತು.

ಆದರೆ ಈಗಲೇ ಆ ಬಾಗಿನಲ್ಲಿ ಕತ್ತರಿ ಹಾಕಬೇಡಿ! ಚೌಕ ತುಂಡನ್ನಷ್ಟೇ ಕತ್ತರಿಸಿ, ಬಾಗು ಚಾಕಿನ ಗೆರೆಯಾಗಿಯೇ ಇರಲಿ. ಕಸೂತಿ ಮೊದಲು, ಆಕಾರ ಆಮೇಲೆ. ಎದೆ ಭಾಗ 8 ಇಂಚಾಗಿ ಕತ್ತರಿಸಿಬಿಟ್ಟರೆ ಕಸೂತಿ ರಿಂಗ್ ಹಿಡಿಯೋಕೆ ಬಟ್ಟೆಯೇ ಸಿಗಲ್ಲ, ಬಾಗಿದ ಅಂಚೂ ಎಳೆದು ಎಳೆದು ಅಂಕುಡೊಂಕಾಗುತ್ತೆ.

ಕಸೂತಿ ಎಲ್ಲಿ ಹಾಕಬೇಕು ಅನ್ನೋದು ಏನು ಹಾಕಬೇಕು ಅನ್ನೋದಕ್ಕಿಂತ ಮುಖ್ಯ. ಮಗು ಹಿಟ್ಟು ಮುಟ್ಟಿದ ಮೇಲೆ ಕೈ ಎಲ್ಲಿ ಒರೆಸಿಕೊಳ್ಳುತ್ತೆ ಅಂತ ಒಂದು ಸಲ ಗಮನಿಸಿ. ಹೊಟ್ಟೆಯ ಎರಡೂ ಬದಿ, ತೊಡೆಯ ಮೇಲೆ. ಆ ಜಾಗದಲ್ಲಿ ಒಂದು ಹೂವೂ ಬೇಡ. ಕಸೂತಿಯ ಎಳೆಗಳ ನಡುವೆ ಬೆಂದ ತರಿ ಸಿಕ್ಕಿಕೊಂಡು ಒಣಗಿದರೆ ಉಗುರಿನಿಂದ ಕೆರೆದು ತೆಗೆಯಬೇಕು, ದಾರವೂ ಎದ್ದುಬರುತ್ತೆ. ಎದೆಯ ಮೇಲ್ಭಾಗ, ಎಡ ಭುಜದ ಪಟ್ಟಿಯ ಕೆಳಗೆ, ಒಂದು ಅಂಗೈ ಅಗಲದ ಜಾಗ. ಅಷ್ಟೇ ಸಾಕು. ಫೋಟೋದಲ್ಲಿ ಬರುವುದೂ ಅಷ್ಟೇ ಜಾಗ.

ಕಾಫಿ ಹೂ ಬಿಡಿಸುವಾಗ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಗುಲಾಬಿಯ ಹಾಗೆ ಒಂದು ಕಡ್ಡಿ, ಅದರ ತುದಿಗೆ ಒಂದು ಹೂ. ನಿಮ್ಮ ಅಂಗಳದಾಚೆಯೇ ತೋಟ ಇರಬಹುದು, ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೇಗೆ ಅರಳುತ್ತೆ ಅಂತ ನಿಮಗೆ ನಾನು ಹೇಳಬೇಕೇ? ಕೊಂಬೆ ಅಡ್ಡಕ್ಕೆ ಚಾಚಿರುತ್ತೆ. ಎಲೆಗಳು ಎದುರು ಬದುರು ಜೋಡಿ. ಜೋಡಿ ಎಲೆಯ ಬುಡದಲ್ಲಿ ಗೊಂಚಲಾಗಿ ಹೂ. ಹಾಗಾಗಿ ನೀವೂ ಮೂರು ಇಂಚಿನ ಒಂದು ಅಡ್ಡ ಕೊಂಬೆ ಎಳೆಯಿರಿ. ಅದರ ಮೇಲೆ ಮೂರು ಕಡೆ ಜೋಡಿ ಎಲೆ, ಪ್ರತಿ ಬುಡದಲ್ಲಿ ಮೂರು ಮೂರು ಹೂ. ಅರೇಬಿಕಾ ಹೂವಿಗೆ ಐದು ಎಸಳು, ತೆಳ್ಳಗೆ, ತುದಿ ಚೂಪು. ಆ ಆಕಾರಕ್ಕೆ ಲೇಜಿ ಡೈಸಿ ಹೊಲಿಗೆಯೇ ಸರಿ. ಒಂದೊಂದು ಕುಣಿಕೆ ಒಂದೊಂದು ಎಸಳು. ಕುಣಿಕೆಯನ್ನು ಹಿಡಿಯುವ ಪುಟ್ಟ ಹೊಲಿಗೆಯನ್ನು ಸ್ವಲ್ಪ ಉದ್ದ ಇಟ್ಟರೆ ಎಸಳಿನ ತುದಿ ಚೂಪಾಗಿ ಕಾಣುತ್ತೆ. ನಡುವೆ ತಿಳಿ ಹಳದಿಯಲ್ಲಿ ಒಂದು ಫ್ರೆಂಚ್ ನಾಟ್, ಅಂದರೆ ಸೂಜಿಗೆ ದಾರ ಸುತ್ತಿ ಹಾಕುವ ಪುಟ್ಟ ಗಂಟು. ಕೊಂಬೆಗೆ ಕಂದು ದಾರದಲ್ಲಿ ಕಾಂಡದ ಹೊಲಿಗೆ. ಎಲೆಗೆ ಹಸಿರು ಬಟ್ಟೆಗಿಂತ ತಿಳಿ ಹಸಿರು ದಾರ, ಸರಪಳಿ ಹೊಲಿಗೆಯಲ್ಲಿ ಅಂಚು ಮಾತ್ರ, ನಡುವೆ ಒಂದು ನರ.

ಆ್ಯಂಕರ್ ದಾರದ ಲಡಿಯಲ್ಲಿ ಆರು ಎಳೆ ಒಟ್ಟಿಗಿರುತ್ತವೆ. ಆರನ್ನೂ ಒಟ್ಟಿಗೆ ಪೋಣಿಸಬೇಡಿ. ಹೂವಿಗೆ ಮೂರು ಎಳೆ, ಕೊಂಬೆಗೆ ಎರಡು ಎಳೆ. ಒಂದು ಮೊಳಕ್ಕಿಂತ ಉದ್ದ ದಾರ ತೆಗೆದುಕೊಂಡರೆ ಬಟ್ಟೆಯಲ್ಲಿ ಹಾದು ಹಾದು ಹೊಳಪು ಹೋಗುತ್ತೆ, ಗಂಟೂ ಬೀಳುತ್ತೆ. ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗುವಾಗ ಹಿಂಬದಿಯಲ್ಲಿ ಉದ್ದ ದಾರ ಎಳೆದು ಬಿಡಬೇಡಿ. ಮಗುವಿನ ಬೆರಳು ಅದರಲ್ಲಿ ಸಿಕ್ಕಿ ಎಳೆದರೆ ಮುಂದಿನ ಹೂ ಮುದುಡುತ್ತೆ. ಅಲ್ಲೇ ಮುಗಿಸಿ, ಹಿಂದಿನ ಹೊಲಿಗೆಗಳ ಅಡಿಯಲ್ಲಿ ದಾರ ನುಗ್ಗಿಸಿ ಕತ್ತರಿಸಿ, ಹೊಸದಾಗಿ ಶುರು ಮಾಡಿ. ಕಾಫಿ ಹಣ್ಣನ್ನೂ ಹಾಕುವ ಆಸೆ ಇದ್ದರೆ ತುಂಬು ಹೊಲಿಗೆ ಕಾಲು ಇಂಚಿಗಿಂತ ಉದ್ದ ಬೇಡ, ಉದ್ದದ ಎಳೆ ಒಗೆಯುವಾಗ ಎದ್ದುಬರುತ್ತೆ.

ಮಳೆಗಾಲದ ಒಂದು ಎಚ್ಚರಿಕೆ. ರಾತ್ರಿ ರಿಂಗನ್ನು ಬಟ್ಟೆಯಲ್ಲೇ ಬಿಟ್ಟು ಮಲಗಬೇಡಿ. ಬಟ್ಟೆಗೆ ಗುಂಡನೆಯ ಮಡಿಕೆ ಬೀಳೋದು ಒಂದು ಕಡೆ, ರಿಂಗಿನ ತಿರುಪು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಮಾಡಿರುವುದನ್ನು ನಾನೇ ನೋಡಿದ್ದೇನೆ. ಸೂಜಿಯನ್ನೂ ಬಟ್ಟೆಗೆ ಚುಚ್ಚಿ ಇಡಬೇಡಿ. ತುಕ್ಕಿನ ಕಲೆ ಆಗಿಯೇಬಿಟ್ಟರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಇಡಬೇಕು. ಆಗಸ್ಟಿನಲ್ಲಿ ಬಿಸಿಲು ಎಲ್ಲಿಂದ ತರೋಣ ಹೇಳಿ.

ಮಣಿ, ಮಿರರ್, ಸೀಕ್ವಿನ್ಸ್ ಬೇಡ. ನನ್ನ ದೋಸೆ ಹಿಟ್ಟಿನ ಕಥೆ ಹೇಳಿದೆನಲ್ಲ. ಮನೆಗೆ ಮೂರು ವರ್ಷದೊಳಗಿನ ಮಗು ಬರುವುದಿದ್ದರಂತೂ ಬಿದ್ದ ಮಣಿ ಬಾಯಿಗೆ ಹೋಗೋದು ಖಂಡಿತ. ಮಣಿಯ ಜಾಗಕ್ಕೆ ಫ್ರೆಂಚ್ ನಾಟ್ ಹಾಕಿ. ಮೆಣಸಿನ ಬಳ್ಳಿಯ ಗೊಂಚಲು ಮಾಡಿ ನೋಡಿ, ಒಂದು ನೇತಾಡುವ ಗೆರೆ, ಅದರ ಉದ್ದಕ್ಕೂ ಒತ್ತೊತ್ತಾಗಿ ಹಸಿರು ಗಂಟು, ನಡುನಡುವೆ ಒಂದೆರಡು ಕೆಂಪು. ಮಣಿಗಿಂತ ಚೆಂದ, ಬೀಳುವುದೂ ಇಲ್ಲ. ಲೇಸ್ ಹಾಕುವುದಾದರೆ ಹತ್ತಿಯ ಜಿಗ್‌ಜಾಗ್ ಲೇಸನ್ನು ನೆನೆಸಿ, ಕುಗ್ಗಿಸಿ, ಬಣ್ಣದ ಪರೀಕ್ಷೆ ಮಾಡಿ, ಜೇಬಿನ ಬಾಯಿಗೆ ಒಂದು ಸಾಲು ಹಾಕಿ. ಕೆಳಗೆ ಫ್ರಿಲ್ ಮಾತ್ರ ನಾನು ಹಾಕಲ್ಲ. ಒಗೆಯುವಾಗ ಅದರ ನೆರಿಗೆಯಲ್ಲೇ ನೀರು ಕೂರುತ್ತೆ, ಇಸ್ತ್ರಿಗೂ ತಲೆನೋವು.

ಜೇಬಿಗೆ ನನ್ನದೊಂದು ಸಲಹೆ ಇದೆ. ಕಸೂತಿಗಿಂತ ಬೇಗ ಆಗುವುದು, ಮಗುವೂ ಮಾಡಬಹುದು. ತೋಟದಿಂದ ಒಂದು ಕಾಫಿ ಎಲೆ ಕಿತ್ತು ತನ್ನಿ. ಅರೇಬಿಕಾ ಎಲೆ ಜೇಬಿನ ಅಳತೆಗೆ ಸರಿಯಾಗುತ್ತೆ. ರೋಬಸ್ಟಾ ಎಲೆ ದೊಡ್ಡದು, ಏಪ್ರನ್ನಿನ ಎದೆ ಪೂರ್ತಿ ಆವರಿಸೀತು. ಎಲೆಯ ನೀರನ್ನು ಒರೆಸಿ. ಮೇಲ್ಭಾಗ ನುಣುಪು, ಬಣ್ಣ ಜಾರುತ್ತೆ. ಹಿಂಭಾಗ ತಿರುಗಿಸಿದರೆ ನರಗಳು ಎದ್ದಿರುತ್ತವೆ. ಆ ಹಿಂಭಾಗಕ್ಕೆ ಬಟ್ಟೆಗೆ ಹಚ್ಚುವ ಫ್ಯಾಬ್ರಿಕ್ ಪೇಂಟನ್ನು ತುಂಡು ಸ್ಪಂಜಿನಲ್ಲಿ ತೆಳ್ಳಗೆ ತಟ್ಟಿ. ನೀರು ಬೆರೆಸಬೇಡಿ, ಬೆರೆಸಿದರೆ ಬಟ್ಟೆಯಲ್ಲಿ ಹರಡಿ ಎಲೆ ಹೋಗಿ ಮೋಡವಾಗುತ್ತೆ. ಜೇಬಿನ ತುಂಡನ್ನು ಹಳೆಯ ಪೇಪರಿನ ಮೇಲೆ ಹರಡಿ, ಎಲೆಯನ್ನು ಬಣ್ಣದ ಕಡೆ ಕೆಳಗಾಗಿ ಇಟ್ಟು, ಮೇಲೊಂದು ಕಾಗದ ಮುಚ್ಚಿ, ನಡುವಿನ ನರದಿಂದ ಅಂಚಿನ ಕಡೆಗೆ ಬೆರಳಿನಲ್ಲಿ ಒತ್ತುತ್ತಾ ಹೋಗಿ. ಎಲೆ ಅಲುಗಬಾರದು. ತೊಟ್ಟು ಹಿಡಿದು ಒಂದೇ ಸಲಕ್ಕೆ ಎತ್ತಿ. ಎಲೆಯ ಅಲೆಅಲೆ ಅಂಚು, ನರದಿಂದ ನರಕ್ಕೆ ಹೋಗುವ ಕವಲು, ಎಲ್ಲ ಬಟ್ಟೆ ಮೇಲೆ ಬಂದಿರುತ್ತೆ. ಮೊದಲ ಎರಡು ಅಚ್ಚು ಹಾಳಾದರೆ ಬೇಸರ ಬೇಡ, ಹಳೆಯ ಬಟ್ಟೆ ಮೇಲೆ ಅಭ್ಯಾಸ ಮಾಡಿಕೊಂಡು ಆಮೇಲೆ ಜೇಬಿಗೆ ಕೈ ಹಾಕಿ. ಒಣಗಿದ ಮೇಲೆ ಹಿಂಬದಿಯಿಂದ ಬಿಸಿ ಇಸ್ತ್ರಿ ಒತ್ತಿ, ಮೂರು ದಿನ ನೀರು ತಗುಲಿಸಬೇಡಿ. ಮಳೆಗಾಲದಲ್ಲಿ ಇನ್ನೆರಡು ದಿನ ಸೇರಿಸಿದರೆ ಒಳ್ಳೆಯದು.

ಎಲೆ ಸಿಗದ ಪೇಟೆಯವರು ಬೆಂಡೆಕಾಯಿ ಅಡ್ಡಕ್ಕೆ ಕೊಯ್ದು ಅಚ್ಚು ಒತ್ತಬಹುದು, ಐದು ಮೂಲೆಯ ಪುಟ್ಟ ಹೂವಿನ ಹಾಗೆ ಬರುತ್ತೆ.

ಜೇಬಿನ ಅಳತೆ 7 ಇಂಚು ಅಗಲ, 6 ಇಂಚು ಆಳ, ಸುತ್ತ ಅರ್ಧ ಇಂಚು, ಬಾಯಿಗೆ ಒಂದೂವರೆ ಇಂಚು ಮಡಿಕೆಗೆ ಬಿಟ್ಟು ಕತ್ತರಿಸಿ. ಅಚ್ಚು ಅಥವಾ ಲೇಸ್ ಏನಿದ್ದರೂ ಜೇಬನ್ನು ಏಪ್ರನ್ನಿಗೆ ಹೊಲಿಯುವ ಮೊದಲೇ ಮುಗಿಸಿ. ಬಾಯಿಯ ಎರಡು ಮೂಲೆಯಲ್ಲಿ ಪುಟ್ಟ ತ್ರಿಕೋನ ಹೊಲಿಗೆ ಹಾಕಿ, ಮಕ್ಕಳು ಕೈ ತೂರಿಸಿ ಎಳೆಯುವುದು ಅಲ್ಲೇ. ಒಂದು ಜೇಬು ಸಾಕು, ಅದೂ ಬಲಗಡೆ ಸ್ವಲ್ಪ ಮೇಲೆ. ಹೊಟ್ಟೆಯ ನಡುವೆ ದೊಡ್ಡ ಜೇಬು ಚಿತ್ರ ಬಿಡಿಸುವ ಮಕ್ಕಳಿಗೆ ಸರಿ. ಅಡುಗೆಮನೆಯಲ್ಲಿ ಅದು ಅಕ್ಕಿ ತರಿ ತುಂಬುವ ಚೀಲ. ಎಡಗಡೆ ಸೊಂಟದ ಹತ್ತಿರ ಒಂದು ಗುಂಡಿ ಹೊಲಿದು, ತೆಳು ಟವೆಲಿನ ತುಂಡಿಗೆ ಕುಣಿಕೆ ಮಾಡಿ ನೇತುಹಾಕಿ. ಕೈ ಒರೆಸೋಕೆ ಅದೇ ಇದ್ದರೆ ಏಪ್ರನ್ ಅರ್ಧ ಚೊಕ್ಕ ಉಳಿಯುತ್ತೆ.

ಕಸೂತಿ ಮುಗಿಯಿತು, ಈಗ ಬಾಗು ಕತ್ತರಿಸಿ. ಕತ್ತರಿಸಿದ ಕೂಡಲೇ ಅಂಚಿನಿಂದ ಕಾಲು ಇಂಚಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ ಒಂದೇ ಪದರದ ಮೇಲೆ ಒಂದು ಸಾಲು ಮೆಷಿನ್ ಹೊಲಿಗೆ ಓಡಿಸಿಬಿಡಿ. ಬಾಗಿದ ಅಂಚು ಕ್ರಾಸ್ ಆಗಿರುತ್ತೆ, ಸುಮ್ಮನೆ ಕೈಯಲ್ಲಿ ಹಿಡಿದರೂ ಹಿಗ್ಗುತ್ತೆ. ಈ ಸಾಲು ಅದನ್ನು ಹಿಡಿದಿಡುತ್ತೆ. ಬ್ಲೌಸ್ ಹೊಲಿಯುವವರು ಎಷ್ಟೋ ಜನ ಇದನ್ನು ಬಿಟ್ಟು, ಆಮೇಲೆ ಕಂಕುಳ ಬಾಯಿ ತೆರೆದುಕೊಳ್ಳುತ್ತೆ ಅಂತ ಅಳುತ್ತಾರೆ. ಮೊದಲು ಮೇಲಿನ ಅಂಚನ್ನೂ ಎರಡು ಬದಿಯನ್ನೂ ಮಡಿಸಿ ಹೊಲಿದುಬಿಡಿ. ಆಮೇಲೆ ಒಂದೂವರೆ ಇಂಚು ಅಗಲದ ಕ್ರಾಸ್ ಪಟ್ಟಿಯನ್ನು ಬಾಗಿನ ಮೇಲಿಟ್ಟು ಕಾಲು ಇಂಚಿಗೆ ಹೊಲಿಯಿರಿ. ಒಳಬಾಗಿನಲ್ಲಿ ಪಟ್ಟಿಯನ್ನು ಒಂದು ಚೂರು ಎಳೆದು ಹಿಡಿದು ಹೊಲಿದರೆ ಅದು ಮೈಗೆ ಒರಗಿ ಕೂರುತ್ತೆ, ಸಡಿಲ ಬಿಟ್ಟರೆ ಅಲೆಅಲೆ ಏಳುತ್ತೆ. ಪಟ್ಟಿಯ ಎರಡೂ ತುದಿಯನ್ನು ಒಳಕ್ಕೆ ಮಡಚಿ, ಹಿಂದಕ್ಕೆ ತಿರುಗಿಸಿ, ಅಂಚು ಮುಚ್ಚಿ ಇನ್ನೊಂದು ಸಾಲು. ಕೆಳಗಿನ ಮಡಿಕೆ ಕೊನೆಗೆ. ಇಂಚಿಗೆ ಹತ್ತು ಹನ್ನೆರಡು ಹೊಲಿಗೆ ಬರುವ ಹಾಗೆ ಇಟ್ಟುಕೊಳ್ಳಿ. ಪಾಪ್ಲಿನ್‌ಗೆ 14ನೇ ನಂಬರ್ ಸೂಜಿ, ಹೊಸದೇ ಹಾಕಿ. ಮೆಷಿನ್ ಮಳೆಗಾಲದಲ್ಲಿ ಮುಚ್ಚಿಟ್ಟದ್ದಾದರೆ ಎಣ್ಣೆ ಬಿಟ್ಟು, ಹಳೆಯ ಬಟ್ಟೆ ಮೇಲೆ ಹತ್ತು ಸಾಲು ಓಡಿಸಿ, ಎಣ್ಣೆ ಇಳಿಯೋದು ನಿಂತ ಮೇಲೆ ಏಪ್ರನ್ ಇಡಿ. ತುಳಿಯುವ ಮೆಷಿನ್ ಇರೋದು ನಿಮ್ಮ ಪುಣ್ಯ. ಕರೆಂಟ್ ಹೋದರೂ ಕೆಲಸ ನಿಲ್ಲಲ್ಲ.

ಇನ್ನು ಕಟ್ಟುವ ಬಗೆ. ಕತ್ತಿನ ಹಿಂದೆ ಲಾಡಿ ಕಟ್ಟುವ ಏಪ್ರನ್ ಮಕ್ಕಳಿಗೆ ಹೊಲಿಯಬೇಡಿ. ಓಡಾಡುವಾಗ ಬಾಗಿಲ ಚಿಲಕಕ್ಕೋ ಕುರ್ಚಿಗೋ ಸಿಕ್ಕಿದರೆ ಕತ್ತು ಬಿಗಿಯುತ್ತೆ. ಯುರೋಪಿನಲ್ಲಿ ಇಎನ್ 14682 ಅಂತ ಒಂದು ಮಾನದಂಡವೇ ಇದೆ, 7 ವರ್ಷದೊಳಗಿನ ಮಕ್ಕಳ ಉಡುಪಿನಲ್ಲಿ ಕತ್ತು, ಟೋಪಿಯ ಭಾಗಕ್ಕೆ ಎಳೆದು ಕಟ್ಟುವ ದಾರ ಇರಬಾರದು ಅಂತ. ಜೊತೆಗೆ, ಬೆನ್ನ ಹಿಂದೆ ಗಂಟು ಹಾಕಿಕೊಳ್ಳೋಕೆ 6 ವರ್ಷದ ಮಗುವಿಗೆ ಬರಲ್ಲ. ಪ್ರತಿ ಸಲ 'ಅಜ್ಜೀ ಕಟ್ಟು' ಅಂತ ಬರಬೇಕು, ನಿಮ್ಮ ಕೈಯೂ ಹಿಟ್ಟಾಗಿರುತ್ತೆ.

ಭುಜದ ಮೇಲಿನಿಂದ ಬಂದು ಬೆನ್ನಲ್ಲಿ ಕತ್ತರಿಯ ಹಾಗೆ ಅಡ್ಡಹಾಯುವ ಎರಡು ಪಟ್ಟಿ ಮಾಡಿ. ಕೆಂಪು ಬಟ್ಟೆಯನ್ನು 4 ಇಂಚು ಅಗಲ, 26 ಇಂಚು ಉದ್ದದ ಎರಡು ತುಂಡು ಮಾಡಿ, ನಾಲ್ಕು ಮಡಿಕೆಗೆ ಮಡಚಿ, ಎರಡೂ ಅಂಚಿಗೆ ಹೊಲಿಗೆ ಹಾಕಿ. ಒಂದು ಇಂಚಿನ ಗಟ್ಟಿ ಪಟ್ಟಿ ಸಿಗುತ್ತೆ, ಒಳಗೆ ಹೊರಗೆ ತಿರುವುವ ರಗಳೆ ಇಲ್ಲ. ಒಂದು ತುದಿಯನ್ನು ಎದೆಯ ಮೇಲಿನ ಮೂಲೆಗೆ, ಒಳಗಡೆಯಿಂದ, ಚೌಕ ಹಾಕಿ ನಡುವೆ ಅಡ್ಡಗೆರೆ ಎಳೆದು ಹೊಲಿಯಿರಿ. ಇನ್ನೊಂದು ತುದಿ ಎದುರು ಬದಿಯ ಸೊಂಟಕ್ಕೆ ಬರುತ್ತೆ. ಬಾಗು ಮುಗಿಯುವ ಆ ಮೂಲೆಯಲ್ಲಿ ಏಪ್ರನ್ನಿಗೆ ಕಾಜಾ, ಪಟ್ಟಿಗೆ ಗುಂಡಿ. ಸಾಮಾನ್ಯವಾಗಿ ನಾವು ತಿರುಗಾಮುರುಗಾ ಮಾಡುತ್ತೇವೆ ಅಲ್ವಾ, ಪಟ್ಟಿಗೆ ಕಾಜಾ, ಬಟ್ಟೆಗೆ ಗುಂಡಿ. ಇಲ್ಲಿ ಹಾಗೆ ಮಾಡಬೇಡಿ. ಕಾಜಾ ಜಾಗ ಬದಲಾಯಿಸೋಕಾಗಲ್ಲ, ಗುಂಡಿ ಎಲ್ಲಿಗೆ ಬೇಕಾದರೂ ಸರಿಸಬಹುದು. ಮಗು ಬೆಳೆದ ಹಾಗೆ ಗುಂಡಿಯನ್ನು ಪಟ್ಟಿಯ ತುದಿ ಕಡೆಗೆ ಇಳಿಸುತ್ತಾ ಹೋಗಿ. ಉಳಿದ ಪಟ್ಟಿ ಏಪ್ರನ್ನಿನ ಒಳಗೆ ಅಡಗುತ್ತೆ. ಕಾಜಾ ಎಳೆತಕ್ಕೆ ಹರಿಯದ ಹಾಗೆ ಆ ಮೂಲೆಯ ಹಿಂಬದಿಗೆ ಎರಡು ಇಂಚಿನ ಚೌಕ ಬಟ್ಟೆ ಇಟ್ಟು ಹೊಲಿದು, ಆಮೇಲೆ ಕಾಜಾ ಸೀಳಿ. ನಾಲ್ಕು ತೂತಿನ ದೊಡ್ಡ ಗುಂಡಿಯೇ ಇರಲಿ, ಮುಕ್ಕಾಲು ಇಂಚಿನದ್ದು. ಪುಟ್ಟ ಬೆರಳಿಗೆ ದೊಡ್ಡ ಗುಂಡಿ ಸುಲಭ.

ಮೂಲೆಯಲ್ಲಿ ಅವಳ ಹೆಸರು ಹಾಕಬೇಕೆಂದು ಅನಿಸಿದರೆ ಅಕ್ಷರವನ್ನು ಬರೆದು ಬಿಡಿ, ಹೊಲಿಯಬೇಡಿ. 6 ವರ್ಷಕ್ಕೆ ಮಕ್ಕಳು ಓಡುಹೊಲಿಗೆ ಚೆನ್ನಾಗಿ ಹಾಕುತ್ತಾರೆ. ದೊಡ್ಡ ಕಣ್ಣಿನ, ತುದಿ ಮೊಂಡಾದ ಸೂಜಿಗೆ ಮೂರು ಎಳೆ ದಾರ ಹಾಕಿ, ಪಕ್ಕದಲ್ಲಿ ಕೂತು ಅವಳ ಕೈಗೇ ಕೊಡಿ. ಮೊಂಡು ಸೂಜಿ ಪಾಪ್ಲಿನ್‌ನಲ್ಲಿ ಸುಲಭವಾಗಿ ಇಳಿಯಲ್ಲ, ಅದಕ್ಕೆ ಗೆರೆಯ ಉದ್ದಕ್ಕೂ ಮೊದಲೇ ದಪ್ಪ ಸೂಜಿಯಲ್ಲಿ ತೂತು ಮಾಡಿಟ್ಟಿರಿ. ಅಕ್ಷರ ಸೊಟ್ಟ ಬಂದರೆ ಬಿಚ್ಚಿ ಸರಿ ಮಾಡೋಕೆ ಹೋಗಬೇಡಿ.

ಒಗೆಯೋದು. ಕಡಂಬುಟ್ಟಿನ ತರಿ ಅಂಟಿದ್ದನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಕೈಯಲ್ಲೇ ಉಜ್ಜಿದರೆ ಹೋಗುತ್ತೆ. ಪಂದಿ ಕರಿಯ ಜಿಡ್ಡಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಚ್ಚಿ ಹತ್ತು ನಿಮಿಷ ಬಿಟ್ಟು ಬಿಸಿನೀರು ಹಾಕಿ. ಅರಿಸಿನದ ಕಲೆಗೆ ಸೋಪು ತಾಗಿದ ಕೂಡಲೇ ಕೆಂಪಾಗುತ್ತೆ, ಹೆದರಬೇಡಿ, ಸೋಪಿನ ಕ್ಷಾರಕ್ಕೆ ಅದು ಹಾಗೆ ಆಗುತ್ತೆ, ಜಾಲಿಸಿದರೆ ಮತ್ತೆ ಹಳದಿ. ಆ ಹಳದಿ ಹೋಗೋದು ಬಿಸಿಲಿಗೇ. ಬಿಸಿಲಿಲ್ಲದ ದಿನ ಹಿಂಡಿದ ಏಪ್ರನ್ನನ್ನು ಒಣ ಟವೆಲಿನಲ್ಲಿ ಸುತ್ತಿ ಒತ್ತಿ, ನೀರು ಹೀರಿಸಿ, ಪಟ್ಟಿಗಳನ್ನು ಬಿಡಿಸಿ ಗಾಳಿ ಆಡುವ ಕಡೆ ಹರಡಿ. ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಹೊಗೆ ವಾಸನೆ ಹಿಡಿಯುತ್ತೆ. ಪೂರ್ತಿ ಒಣಗದೆ ಮಡಚಿ ಕಪಾಟಿಗೆ ಸೇರಿಸಬೇಡಿ. ಕೊನೆಯ ತೇವಕ್ಕೆ ಇಸ್ತ್ರಿ ಇದೆಯಲ್ಲ. ಕಸೂತಿಯನ್ನು ಮಾತ್ರ ದಪ್ಪ ಟವೆಲಿನ ಮೇಲೆ ಮಗುಚಿ ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಿ, ಹೂ ಚಪ್ಪಟೆಯಾಗಲ್ಲ.

ದಿನದ ಲೆಕ್ಕ ಹೇಳಿಬಿಡುತ್ತೇನೆ. ಹಬ್ಬ ಸೆಪ್ಟೆಂಬರ್ 3ಕ್ಕೆ. ಬಟ್ಟೆ ನೆನೆಸಿ ಒಣಗಿಸೋಕೇ ಈ ಮಳೆಯಲ್ಲಿ ಮೂರು ನಾಲ್ಕು ದಿನ ಇಟ್ಟುಕೊಳ್ಳಿ. ಕಸೂತಿ ದಿನಕ್ಕೆ ಒಂದು ಗಂಟೆ ಕೂತರೆ ಒಂದು ವಾರ. ಜೇಬಿನ ಅಚ್ಚು ಒಣಗೋಕೆ ಐದು ದಿನ, ಅದು ಕಸೂತಿ ನಡೆಯುವಾಗಲೇ ಆಗಿಹೋಗುತ್ತೆ. ಮೆಷಿನ್ ಕೆಲಸ ಎರಡು ಮಧ್ಯಾಹ್ನ. ಆಗಸ್ಟ್ 10ರ ಒಳಗೆ ಬಟ್ಟೆ ತಂದರೆ ಆತುರ ಇರಲ್ಲ. ಗುಂಡಿಗಳನ್ನು ಮಾತ್ರ ಹೊಲಿಯಬೇಡಿ, ದಾರ ಪೋಣಿಸಿದ ಸೂಜಿ ಜೊತೆ ಒಂದು ಡಬ್ಬಿಯಲ್ಲಿಡಿ. ಅವಳು ಬಂದ ಸಂಜೆ ಏಪ್ರನ್ ಹಾಕಿಸಿ, ಎರಡೂ ಕೈ ಮುಂದೆ ಚಾಚಿ ಬಗ್ಗಿ ಉಂಡೆ ಕಟ್ಟುವ ಹಾಗೆ ಮಾಡು ಅನ್ನಿ. ನೆಟ್ಟಗೆ ನಿಂತಾಗ ಸರಿಯಿದ್ದ ಪಟ್ಟಿ ಬಗ್ಗಿದಾಗ ಬಿಗಿಯುತ್ತೆ. ಬಗ್ಗಿದಾಗ ಭುಜದ ಮೇಲೆ ನಿಮ್ಮ ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು, ಅಲ್ಲಿ ಚಾಕಿನ ಗುರುತು ಹಾಕಿ, ಗುಂಡಿ ಹೊಲಿಯಿರಿ.